ಈಗಷ್ಟೇ ಒರೆಸಿದ ನೆಲ

ಮಕ್ಕಳ ವಿಜ್ಞಾನ ಶಿಬಿರಕ್ಕೆ ಹೆಸರು ಬರೆಸುವ ಸಾಲಿನಲ್ಲಿ ನನ್ನ ಮುಂದೆ ತಲೆ ನರೆತ ಅಕ್ಕತಂಗಿಯರಿಬ್ಬರು ನಿಂತಿದ್ದರು.

“ಮೊಮ್ಮಗಳನ್ನ ಈ ಸಲ ನಕ್ಷತ್ರ ನೋಡೋ ಶಿಬಿರಕ್ಕೆ ಹಾಕ್ತೀನಿ ಕಣೆ. ಯಂತ್ರದ ಸಹವಾಸ ಸಾಕು.”

“ಯಾಕಕ್ಕ, ಹೋದ್ಸಲ ಚೆನ್ನಾಗಿ ಕಲಿತಳಲ್ಲ?”

“ಕಲಿತಿದ್ದೇ ಹೆಚ್ಚಾಯ್ತು. ಫೋನಲ್ಲಿದ್ದ ಅವಳಮ್ಮನ ದನಿ ತೆಗೆದು ಪುಟ್ಟ ಯಂತ್ರ ಮಾಡಿ ಬಾಗಿಲಿಗೆ ಕೂರಿಸಿದಾಳೆ. ಯಾರೇ ಬಾಗಿಲು ತೆಗೆದ್ರೂ, ‘ಚಪ್ಪಲಿ ಅಲ್ಲೇ ಬಿಡಿ, ಈಗಷ್ಟೇ ಒರೆಸಿದೀನಿ’ ಅಂತಾಳೆ ನನ್ನ ಸೊಸೆ.”

“ಅಯ್ಯೋ, ಸತ್ತೋಳ ದನೀನಾ? ಮೈ ಜುಮ್ ಅನ್ನುತ್ತಪ್ಪ.”

“ನಿಮ್ಮ ಭಾವ ಬರಿಗಾಲಲ್ಲಿ ಬಂದ್ರೂ ಬೆಚ್ಚಿಬಿದ್ದು ಕಾಲು ಒರೆಸ್ಕೋತಾರೆ.”

“ಶೆಲ್ಲು ಕಿತ್ತು ಬಿಸಾಕಬಾರ್ದಾ?”

“ಒಂದಿನ ಕಿತ್ತೆ ಕಣೆ. ಅವತ್ತು ಸಂಜೆ ಮಗ ಬಾಗಿಲು ತೆಗೆದೋನು ಹೊಸ್ತಿಲ ಆಚೇನೇ ನಿಂತ್ಬಿಟ್ಟ. ಒಳಗೆ ಬಾರೋ ಅಂದೆ. ‘ಅವಳಿನ್ನೂ ಹೇಳಲಿಲ್ವಲ್ಲಮ್ಮ’ ಅಂದ.”

“ಆಮೇಲೆ?”

“ಆಮೇಲೇನು, ನಾನೇ ಮತ್ತೆ ಹಾಕಿದೆ. ಈಗೀಗ ಶೆಲ್ಲು ಇಳಿದು ದನಿ ಎಳೀತಿದೆ.”

ಸರದಿ ಬಂತು, ಇಬ್ಬರೂ ಕಿಟಕಿಯತ್ತ ಸರಿದರು.

“ಯಾವ ಶಿಬಿರಮ್ಮ?” ಎಂದ ಗುಮಾಸ್ತ.

ಅಕ್ಕ ಮುಂದಕ್ಕೆ ಬಾಗಿದರು.

“ಶೆಲ್ಲು ಮುಗಿದ್ರೂ ದನಿ ನಿಲ್ಲದ ಹಾಗೆ ಮಾಡೋದು ಯಾವುದರಲ್ಲಿ ಹೇಳ್ಕೊಡ್ತೀರಪ್ಪ?”