‘ಹ್ಯಾಸ್’ ಬಿಟ್ಟುಹೋಗಿದೆ

…ನಗಬೇಡ ಕಣೋ. ನಾಳೆ ಆ ಹೋಟೆಲ್ ಮ್ಯಾನೇಜರ್ ಮುಂದೆ ಹೀಗೇ ಹಲ್ಲು ಕಿರಿದ್ರೆ ರಿಸೆಪ್ಷನ್ ಕೆಲಸ ಹಾಗಿರಲಿ, ಗೇಟ್ ಕಾಯೋಕೂ ಇಟ್ಕೊಳ್ಳಲ್ಲ. ಭಾವ ಇಂಗ್ಲಿಷ್ ಮೇಷ್ಟ್ರಾಗಿರೋದು ನಿನ್ನ ಪುಣ್ಯ ಅಂದ್ಕೋ. ಇನ್ನೊಂದ್ಸಲ ಹೇಳ್ತೀನಿ, ಕೇಳು.

ಗಿರಾಕಿ ಒಬ್ಬ ಓಡಿ ಬಂದು ‘ಐ ಹ್ಯಾವ್ ಲಾಸ್ಟ್ ಮೈ ಕೀ’ ಅಂತಾನೆ. ಅಂದ್ರೆ ಬೀಗದ ಕೈ ಕಳೆದಿದೆ, ಇನ್ನೂ ಸಿಕ್ಕಿಲ್ಲ, ಟವೆಲ್ ಸುತ್ಕೊಂಡು ನಿನ್ನ ಮುಂದೆ ನಿಂತಿದ್ದಾನೆ. ಬರೀ ‘ಐ ಲಾಸ್ಟ್ ಮೈ ಕೀ’ ಅಂದ್ರೆ? ಯಾವತ್ತೋ ಆದ ಕಥೆ. ಮುಗಿದ ಮಾತು. ಹ್ಯಾವ್ ಇದ್ರೆ ಅದು ಇವತ್ತಿಗೂ ಅಂಟ್ಕೊಂಡಿರುತ್ತೆ… ತಲೆ ಕೆರ್ಕೋಬೇಡ. ಇಂಗ್ಲಿಷ್‌ನೋರಿಗೆ ಮಾಡೋಕೆ ಬೇರೆ ಕೆಲಸ ಇರಲಿಲ್ಲ, ಇದನ್ನ ಮಾಡಿಟ್ರು.

ಏನು, ಟೀಗೆ ಸಕ್ಕರೆ ಇಲ್ವಾ? ನಿಮ್ಮಕ್ಕ ಆ ಡಬ್ಬ ಎಲ್ಲಿಟ್ಟಿದ್ದಾಳೋ… ಬರ್ತಾಳೆ ಇರು. ಅಂಗಡಿಗೆ ಹೋಗಿದ್ದಾಳೆ. ಹ್ಯಾಸ್ ಗಾನ್, ನೋಡು! ಹೋಗಿದ್ದಾಳೆ, ಇನ್ನೂ ಬಂದಿಲ್ಲ. ಹೋಗಿ ಬಂದ್ಮೇಲೆ ಹ್ಯಾಸ್ ಬೀನ್. ಟೀ ಜೊತೆಗೆ ಪಾಠಾನೂ ಆಯ್ತು.

ಆ ಕಡೆ ಏನು ನೋಡ್ತೀಯ? ಚಪ್ಪಲಿ ಸ್ಟ್ಯಾಂಡಲ್ಲಿ ಏನಿದೆ? ಹೂಂ… ಅವಳದು ಒಂದು ಜೊತೇನೂ ಇಲ್ಲ. ರಿಪೇರಿಗೆ ಕೊಟ್ಟಿದ್ದಾಳೆ. ಎಲ್ಲಾನೂ ಒಟ್ಟಿಗೆ ಕೊಟ್ಟಿದ್ದಾಳಪ್ಪ! ಹಾಗಾದ್ರೆ ಅಂಗಡಿಗೆ ಬರಿಗಾಲಲ್ಲಿ ಹೋದ್ಲಾ ಅಂತ ಕೇಳಬೇಡ, ವ್ಯಾಕರಣ ಕೇಳು.

ನಾನು ತಿದ್ದೋದು ಒಳ್ಳೇದಕ್ಕೇ ಕಣೋ. ನಿಮ್ಮಕ್ಕನ್ನೂ ತಿದ್ತೀನಿ. ಅವಳೋ, ಮನೇಲೂ ಸ್ಕೂಲಾ ಅಂತ ಮೂತಿ ತಿರುಗಿಸ್ತಾಳೆ. ಆವತ್ತು ಬ್ಯಾಗ್ ಹಿಡ್ಕೊಂಡು ಬಾಗಿಲಲ್ಲಿ ನಿಂತು ‘ನಾನು ಹೋಗ್ತೀನಿ’ ಅಂದ್ಲು. ‘ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನು’ ಅಂತ ಅಲ್ಲೂ ತಿದ್ದಿದೆ. ಕನ್ನಡದಲ್ಲೂ ಪಕ್ಕಾ ನಾನು!

…ಅಂಗಡಿಗೇ ಕಣೋ. ಬ್ಯಾಗ್ ಇಲ್ದೆ ಅಂಗಡಿಗೆ ಹೋಗ್ತಾರಾ ಯಾರಾದ್ರೂ?

ಸರಿ, ಈಗ ನಿನ್ನ ಸರದಿ. ನಿಮ್ಮಕ್ಕನ ಮೇಲೇ ಒಂದು ವಾಕ್ಯ ಹೇಳು. ಎಷ್ಟೋ ವರ್ಷದಿಂದ ಈ ಮನೇಲಿದ್ದಾಳೆ ಅಂತ ಹೇಳ್ಬೇಕು. ಹೂಂ, ಶುರು ಮಾಡು.

ಏನಂದೆ? ‘ಮೈ ಸಿಸ್ಟರ್ ಲಿವ್ಡ್ ಹಿಯರ್ ಫಾರ್ ಮೆನಿ ಇಯರ್ಸ್’? ಥತ್! ಇಷ್ಟೊತ್ತು ಗಂಟಲು ಹರ್ಕೊಂಡಿದ್ದು ಗೋಡೆಗಾ? ಲಿವ್ಡ್ ಅಂದ್ರೆ ಇದ್ದಳು. ಮುಗೀತು. ಈಗಿಲ್ಲ ಅಂತ ಆಗುತ್ತೆ. ಹ್ಯಾಸ್ ಬಿಟ್ಟುಹೋಗಿದೆ. ಸೇರಿಸಿ ಹೇಳು.

ಹೇಳೋ.

ಲೋಟ ಯಾಕೆ ಕೆಳಗಿಟ್ಟೆ? ಒಂದೇ ಒಂದು ಹ್ಯಾಸ್ ಮಾರಾಯ, ನಾಲಿಗೆ ಸವೆಯುತ್ತಾ? ತಪ್ಪಾಯ್ತು ಭಾವ ಅನ್ನು, ಸಾಕು. ನಗು ಬೇಕಾದ್ರೆ. ಆಗಿಂದ ನಗ್ತಿದ್ದೆಯಲ್ಲ…

ಬೆಳಿಗ್ಗೆ ನಿಮ್ಮಮ್ಮನ ಮನೆಯಿಂದ ತಾನೇ ಹೊರಟಿದ್ದು ನೀನು?

ಅವಳು ಅಲ್ಲೇ ಇದ್ದಾಳೆ. ಬಂದಾಗಿಂದ ನಿನಗೆ ಎಲ್ಲಾ ಗೊತ್ತಿತ್ತು. ಆದ್ರೂ ನನ್ನ ಅಂಗಡಿ ಕಥೆ ಕೇಳ್ಕೊಂಡು, ಸಕ್ಕರೆ ಇಲ್ಲದ ಟೀ ಕುಡ್ಕೊಂಡು ಕೂತಿದ್ದೀಯ.

ಹ್ಯಾಸ್ ಬೇಡ ಬಿಡು. ನೀನು ಹೇಳಿದ್ದೇ ಸರಿ.

ಅವಳು ಆವತ್ತು ‘ಹೋಗ್ತೀನಿ’ ಅಂದಿದ್ದೂ… ತಪ್ಪಿರಲಿಲ್ಲ, ಅಲ್ವೇನೋ?