ಮೆಸ್ನಾ ಬದಲಿಗೆ ಕೊಟ್ಟ ಸಿರಪ್

ವರ್ತಕರ ಸಂಘದ ಅಧ್ಯಕ್ಷರಾದ ಶ್ರೀ ಚಂದ್ರಶೇಖರಪ್ಪನವರೇ, ವೇದಿಕೆಯ ಗಣ್ಯರೇ, ಶಿಕಾರಿಪುರದ ನನ್ನ ಸಭಿಕ ಬಂಧುಗಳೇ,

ಇಪ್ಪತ್ತೈದು ವರ್ಷ ಔಷಧಿ ಅಂಗಡಿ ನಡೆಸಿದ್ದಕ್ಕೆ ಈ ಶಾಂತವೀರಪ್ಪನಿಗೆ ಶಾಲು ಹೊದಿಸಿದ್ದೀರಿ. ನಾನೂ ನಿಮಗೆ ಋಣಿ. ಸಂಘದ ಸಭೆಯ ಮರುದಿನ ತಲೆನೋವಿನ ಮಾತ್ರೆ ಚೆನ್ನಾಗಿ ಖರ್ಚಾಗುತ್ತದೆ.

ನನ್ನ ಅಂಗಡಿಯಲ್ಲಿ 'ಇಲ್ಲ' ಎಂಬ ಮಾತೇ ಇಲ್ಲವೆಂದು ಅಧ್ಯಕ್ಷರು ಹೊಗಳಿದರು. ನಮ್ಮ ತಂದೆಯದು ಕಿರಾಣಿ ಅಂಗಡಿ. ಗಲ್ಲಾದ ಮುಂದೆ ಕೂತವನು 'ಇಲ್ಲ' ಅನ್ನಬಾರದು, ಬೆಲ್ಲ ಮುಗಿದಿದ್ದರೆ ಸಕ್ಕರೆ ಒಯ್ಯಿರಿ ಅನ್ನಬೇಕು ಎಂದು ಕಲಿಸಿದ್ದರು. ಬೆಲ್ಲಕ್ಕೆ ಸಕ್ಕರೆ ನಡೆಯುತ್ತದೆ. ಔಷಧಿಗೆ ನಡೆಯುತ್ತದೆಯೇ? ನಡೆಯುತ್ತದೆಯೇ, ಹೇಳಿ?

ಮೂರು ವರ್ಷದ ಹಿಂದೆ, ತೊಂಬತ್ತನಾಲ್ಕರಲ್ಲಿ, ಕುಪ್ಪಗಡ್ಡೆಯ ಕೆಂಪಪ್ಪನವರು ಹೆಂಡತಿ ವನಜಮ್ಮನವರನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ ಡಾಕ್ಟರ ಚೀಟಿ ತಂದರು. ಶಿವಮೊಗ್ಗದಲ್ಲಿ ವನಜಮ್ಮನವರಿಗೆ ಕ್ಯಾನ್ಸರಿನ ಇಂಜೆಕ್ಷನ್ ಆಗಿತ್ತು. ಆ ಔಷಧಿ ಮೂತ್ರಕೋಶವನ್ನು ಸುಡುತ್ತದೆ. ಸುಡದಂತೆ ಕಾಯುವುದು ಮೆಸ್ನಾ. ಮೊದಲ ಡೋಸ್ ಆಸ್ಪತ್ರೆಯಲ್ಲೇ ಕೊಟ್ಟು, ಇನ್ನೆರಡನ್ನು ಹೊತ್ತಿಗೆ ಸರಿಯಾಗಿ ಕುಡಿಸಿ ಎಂದು ಬರೆದಿದ್ದರು.

"ಶಾಂತವೀರಪ್ಪಾರ ಅಂಗಡೀಲಿ ಎಲ್ಲಾ ಸಿಗ್ತದೆ ಅಂತ ಸೀದಾ ಇಲ್ಲಿಗೇ ಬಂದ್ವಿ" ಎಂದರು ಕೆಂಪಪ್ಪ.

ಮೆಸ್ನಾ ನನ್ನಲ್ಲಿರಲಿಲ್ಲ. ನಿಜ ಹೇಳುತ್ತೇನೆ, ಆ ಹೆಸರನ್ನೇ ನಾನು ಕೇಳಿರಲಿಲ್ಲ. ಶಿವಮೊಗ್ಗಕ್ಕೆ ವಾಪಸ್ ಹೋಗಿ ಎನ್ನಬಹುದಿತ್ತು, ಬಸ್ಸಿಗೆ ಬರವಿರಲಿಲ್ಲ. ಚೀಟಿಯಲ್ಲಿ ಮೂತ್ರಕೋಶ ಎಂದಿದ್ದುದನ್ನು ಕಂಡು, ಏನೋ ಮೂತ್ರದ್ದು ಎಂದು ತಿಳಿದು, ಉರಿಮೂತ್ರದ ಸಿರಪ್ ತೆಗೆದುಕೊಟ್ಟೆ. "ಇದೂ ಅದೇ ಕೆಲಸ ಮಾಡತೈತಿ, ಕುಡಸ್ರಿ" ಅಂದೆ. ಅವರು ಕೈಮುಗಿದು ಹೋದರು.

ಮರುದಿನವೇ ಮೂತ್ರದಲ್ಲಿ ರಕ್ತ. ತಿಂಗಳುಗಟ್ಟಲೆ ಆಸ್ಪತ್ರೆ. ಕ್ಯಾನ್ಸರ್ ವಾಸಿಯಾಯಿತು, ಮೂತ್ರಕೋಶ ಆಗಲಿಲ್ಲ. ಎಲ್ಲ ಆ ರೋಗದ್ದೇ ಕಾಟ ಎಂದು ಇಬ್ಬರೂ ನಂಬಿದ್ದಾರೆ. ಆಮೇಲೆ ನಾನು ಪುಸ್ತಕ ತೆಗೆದು ಓದಿದೆ. ಓದಿ, ಮುಚ್ಚಿಟ್ಟು, ಸುಮ್ಮನಾದೆ. ಮೂರು ವರ್ಷ ಸುಮ್ಮನಿದ್ದೆ.

ಹೋದ ವಾರ ಇದೇ ಸಭೆಯ ಆಮಂತ್ರಣ ಕೊಡಲು ಅವರ ಮನೆಗೆ ಹೋಗಿದ್ದೆ. ಹೇಳಿಬಿಡಬೇಕೆಂದೇ ಹೋದವನು. ವನಜಮ್ಮ ಕಾಫಿ ಕೊಟ್ಟು, "ಬಸ್ಸಲ್ಲಿ ಅಷ್ಟೊತ್ತು ಕೂರಕ್ಕಾಗಲ್ಲ ರೀ, ಅರ್ಧ ಗಂಟೆಗೊಂದ್ಸಲ ಏಳ್ಬೇಕು. ಇವರನ್ನ ಕಳಿಸ್ತೀನಿ" ಅಂದರು. ನಾನು ಕಾಫಿ ಕುಡಿದು ಎದ್ದು ಬಂದೆ. ನಾಚಿಕೆಯಾಗುತ್ತದೆ.

ಕೆಂಪಪ್ಪನವರು ಮೂರನೇ ಸಾಲಿನಲ್ಲಿದ್ದಾರೆ. ಕೆಂಪಪ್ಪನವರೇ, ತಲೆ ತಗ್ಗಿಸಬೇಕಾದವನು ನಾನು, ನೀವಲ್ಲ. ಇದನ್ನು ಮನೆಯವರಿಗೆ ನೀವು ಹೇಳಬೇಡಿ. ಸಂಜೆ ಬಸ್ಸಿಗೆ ನಾನೂ ಬರುತ್ತೇನೆ, ನಾನೇ ಹೇಳಬೇಕು. ಬರಬೇಡ ಎನ್ನುವುದಾದರೆ ಈಗಲೇ, ಎಲ್ಲರೆದುರಿಗೇ ಅಂದುಬಿಡಿ.

ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ಎಲ್ಲರಿಗೂ ನಮಸ್ಕಾರ.