ಕ್ವಾರ್ಟರ್ಸಿನ ಹಾಡುಗಳ ವೆಬ್‌ಸೈಟ್ ನಿಂತುಹೋದ ಬಗ್ಗೆ

ನನ್ನ ಹೆಸರು ಚನ್ನವೀರಪ್ಪ, ವಯಸ್ಸು 71 ವರ್ಷ, ನಿವೃತ್ತ ಕಾರ್ಖಾನೆ ನೌಕರ, ವಾಸ ಜಾಲಹಳ್ಳಿ. ಕಳೆದ ಸೋಮವಾರ ನಾನೇ ಕೊಟ್ಟ ದೂರಿನ ಸಂಬಂಧ ಈ ದಿನ ಠಾಣೆಗೆ ಬಂದು ತಿಳಿಸುವುದೇನೆಂದರೆ:

ನಾವಿದ್ದ ಕಾರ್ಖಾನೆ ಕ್ವಾರ್ಟರ್ಸನ್ನು ಈಗ ಒಡೆದಿದ್ದಾರೆ. ಅಲ್ಲಿದ್ದಾಗ ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಹೆಂಗಸರು ಹಾಡಿದ್ದನ್ನು ನಾನು ಟೇಪ್ ರೆಕಾರ್ಡರಿನಲ್ಲಿ ತುಂಬಿಕೊಳ್ಳುತ್ತಿದ್ದೆ. ನಿವೃತ್ತನಾದ ಮೇಲೆ ಅವನ್ನೆಲ್ಲ ಒಂದು ವೆಬ್‌ಸೈಟಿಗೆ ಹಾಕಿದೆ. ಟೇಪುಗಳು ಆಮೇಲೆ ಹಾಳಾದವು. ಯಾರ ದನಿ ಯಾವುದೆಂದು ಬರೆದಿರಲಿಲ್ಲ, ಬರೀ ನಂಬರು ಕೊಟ್ಟಿದ್ದೆ. ಕಣ್ಣು ಮಂಜಾದ್ದರಿಂದ ಈ ತಿಂಗಳ ಕೊನೆಗೆ ವೆಬ್‌ಸೈಟ್ ಮುಚ್ಚುವುದಾಗಿ ಅದರಲ್ಲೇ ತಿಳಿಸಿದ್ದೆ.

ಸೋಮವಾರ ಬೆಳಿಗ್ಗೆ ವೆಬ್‌ಸೈಟ್ ತೆರೆಯಲಿಲ್ಲ. ಅದನ್ನು ನೋಡಿಕೊಳ್ಳುವ ನಾಗಸಂದ್ರದ ರುದ್ರೇಶ್ ಅವರಿಗೆ ಫೋನ್ ಮಾಡಿದೆ. ಒಂದೇ ಕಡೆಯಿಂದ ಎಡೆಬಿಡದೆ ಫೈಲು ಕೇಳುತ್ತಿದ್ದಾರೆ, ಜಾಸ್ತಿ ಆಯಿತು ಸ್ವಲ್ಪ ತಡೆಯಿರಿ ಎಂದು ಸರ್ವರ್ ಹೇಳಿದರೂ ಆ ಕ್ಷಣವೇ ಮತ್ತೆ ಕೇಳುತ್ತಿದ್ದಾರೆ, ಅದಕ್ಕೇ ಕುಸಿದಿದೆ ಎಂದು ಅವರು ತಿಳಿಸಿದರು. ಯಾರೋ ಬೇಕೆಂದೇ ಹಾಳು ಮಾಡುತ್ತಿದ್ದಾರೆಂದು ಸಿಟ್ಟು ಬಂದು ಅಂದೇ ದೂರು ಕೊಟ್ಟೆ.

ಮರುದಿನ ರುದ್ರೇಶ್ ಸರ್ವರಿನ ದಾಖಲೆ ನೋಡಿ, ಪ್ರತಿ ಸಲವೂ ಕೇಳಿದವರ ಹೆಸರು, ಫೋನ್ ನಂಬರು ಜೊತೆಗೇ ಬಂದಿದೆ, "ಕೆಡಿಸೋರು ಹಿಂಗೆ ಮಾಡಲ್ಲ ಸಾರ್" ಎಂದರು. ಆ ನಂಬರಿಗೆ ಫೋನ್ ಮಾಡಿದೆ. ನಾನು ಹೆಸರು ಹೇಳಿದ್ದೇ ತಡ, "ಅಂಕಲ್, ನಾನು ಕಾವ್ಯಾ. ಪಕ್ಕದ್ಮನೆ ಶರಣಮ್ಮನ ಮಗಳು" ಎಂದಳು.

ಶರಣಮ್ಮ ರಾಯಚೂರಿನ ಕಡೆಯವರು. ಅವರೂ ನನ್ನ ಹೆಂಡತಿ ಮಹಾದೇವಿಯೂ ಅಕ್ಕತಂಗಿಯರ ಹಾಗಿದ್ದರು. ಸಂಜೆ ನಲ್ಲಿ ಹತ್ತಿರ ಅವರಿಬ್ಬರ ನಗು ನಮ್ಮ ಮನೆಯೊಳಕ್ಕೂ ಕೇಳುತ್ತಿತ್ತು. ಗಂಡನಿಗೆ ವರ್ಗವಾಗಿ ಹೋದ ಮೇಲೆ ಸಂಪರ್ಕ ತಪ್ಪಿತು. ಎರಡು ವರ್ಷದ ಹಿಂದೆ ತೀರಿಕೊಂಡರೆಂದು ಅಂದೇ ನನಗೆ ತಿಳಿದದ್ದು. ಮಹಾದೇವಿಗೆ ಹೇಗೆ ಹೇಳುವುದೋ ತಿಳಿಯದೆ ಸುಮ್ಮನಿದ್ದೆ.

ಕಾವ್ಯಾ ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ತಾಯಿಯ ದನಿ ಅವಳ ಬಳಿ ಎಲ್ಲೂ ಇಲ್ಲ. ನನಗೆ ಮೇಲ್ ಕಳಿಸಿದ್ದಳಂತೆ. ಆ ವಿಳಾಸ ನಾನು ಬಿಟ್ಟು ಬಹಳ ಕಾಲವಾಯಿತು. ಉತ್ತರ ಬಾರದೆ, ಮುಚ್ಚುವುದರೊಳಗೆ ಎಲ್ಲ ಫೈಲನ್ನೂ ಇಳಿಸಿಕೊಳ್ಳಲು ಒಂದು ಸ್ಕ್ರಿಪ್ಟ್, ಅಂದರೆ ತಾನಾಗಿಯೇ ಕೆಲಸ ಮಾಡುವ ಚಿಕ್ಕ ಪ್ರೋಗ್ರಾಂ, ಬರೆದಿದ್ದಾಳೆ. ಏನಾದರೂ ತೊಂದರೆಯಾದರೆ ತಿಳಿಸಲೆಂದು ತನ್ನ ಹೆಸರು, ನಂಬರನ್ನೂ ಅದರಲ್ಲಿ ಸೇರಿಸಿದ್ದಾಳೆ. ಸಿಗದಿದ್ದರೆ ಸಿಗುವವರೆಗೂ ಮತ್ತೆ ಮತ್ತೆ ಕೇಳು ಎಂದು ಅದಕ್ಕೆ ಹೇಳಿ, ನಡುವೆ ತಡೆಯಲು ಹೇಳುವುದನ್ನು ಗಡಿಬಿಡಿಯಲ್ಲಿ ಮರೆತಿದ್ದಾಳೆ.

ಶನಿವಾರ ಅವಳು ನಮ್ಮ ಮನೆಗೆ ಬಂದಳು. ವೆಬ್‌ಸೈಟ್ ಕೆಲಸಕ್ಕೆ ಬಂದ ಹುಡುಗಿ ಎಂದಷ್ಟೇ ಮಹಾದೇವಿಗೆ ಹೇಳಿದ್ದೆ. ನನ್ನೆದುರೇ ಸ್ಕ್ರಿಪ್ಟ್ ತಿದ್ದಿದಳು. ಸರ್ವರ್ ಬೇಡವೆಂದರೆ ಅದು ಹೇಳಿದಷ್ಟು ಹೊತ್ತು ಕಾಯುವುದು, ಮತ್ತೆ ಬೇಡವೆಂದರೆ ಅದರ ಎರಡರಷ್ಟು ಕಾಯುವುದು, ಆಗಲೂ ಸಿಗದಿದ್ದರೆ ಬಿಟ್ಟು ಮುಂದಿನದಕ್ಕೆ ಹೋಗುವುದು. ರುದ್ರೇಶ್ ಅಷ್ಟರಲ್ಲಿ ವೆಬ್‌ಸೈಟನ್ನು ಮತ್ತೆ ನಡೆಯುವಂತೆ ಮಾಡಿದ್ದರು. ಹಾಡುಗಳು ನಿಧಾನವಾಗಿ ಇಳಿದವು. ಬಂದದ್ದನ್ನೆಲ್ಲ ಒಂದೊಂದಾಗಿ ಹಾಕಿ ಕೇಳುತ್ತ ಕೂತೆವು.

ಮಧ್ಯಾಹ್ನ ಶರಣಮ್ಮ ಸಿಕ್ಕರು. ಹಾಡುತ್ತಿದ್ದಾಗ ನಡುವೆ ಮಗುವೊಂದು ಅತ್ತಿತು. ಹಾಡು ನಿಲ್ಲಿಸಿ, "ಅಳಬ್ಯಾಡವ, ಇಲ್ಲೇ ಅದೀನಿ ನೋಡು" ಎಂದು, ಬಿಟ್ಟಲ್ಲಿಂದ ಮತ್ತೆ ಹಾಡತೊಡಗಿದರು. ಕಾವ್ಯಾ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಅಷ್ಟರಲ್ಲಿ ಮಹಾದೇವಿ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿಬಂದು, "ಶರಣಮ್ಮ ಬಂದ್ಲೇನ್ರೀ?" ಎಂದು ಕೇಳಿದಳು.

ಕಾವ್ಯಾ ಎದ್ದು ಹೋಗಿ ಅವಳ ಕೈ ಹಿಡಿದು, "ಇಲ್ಲ ಆಂಟಿ" ಎಂದಳು. ಹಾಡು ಮುಗಿಯುವವರೆಗೂ ಇಬ್ಬರೂ ಹಾಗೇ ನಿಂತಿದ್ದರು.

ಆ ಹುಡುಗಿಯ ಮೇಲೆ ನನ್ನ ದೂರು ಯಾವುದೂ ಇಲ್ಲ. ವೆಬ್‌ಸೈಟನ್ನು ಇನ್ನು ಅವಳೇ ನಡೆಸುತ್ತಾಳೆ. ದೂರನ್ನು ಮುಕ್ತಾಯಗೊಳಿಸಲು ಕೋರುತ್ತೇನೆ.

ಬರೆದದ್ದನ್ನು ಓದಿ ಹೇಳಿದ್ದನ್ನು ಕೇಳಿದೆ. ನಾನು ಹೇಳಿದಂತೆಯೇ ಇದೆ, ನಡೆದದ್ದೂ ಹೀಗೆಯೇ.

ಸ್ಥಳ: ಜಾಲಹಳ್ಳಿ
ದಿನಾಂಕ: 17-11-2025
ಸಹಿ: ಚನ್ನವೀರಪ್ಪ